ಸ್ಕೈಲ್ಯಾಬ್ ವರ್ಷದ ಹಾಲು

ನನ್ನ ತಮ್ಮ ಕಾರ್ತಿಕೇಯನಿಗೆ,

ನನ್ನ ಕೈಬರಹ ಕಂಡರೆ ನೀನು ಕವರನ್ನೇ ಹರಿದೀಯೆಂದು ಈ ಕಾಗದವನ್ನು ನಿನ್ನ ಹೆಂಡತಿ ಕಲೈಸೆಲ್ವಿಯ ಹೆಸರಿಗೆ ಕಳಿಸಿದ್ದೇನೆ. ಊಟದ ತಟ್ಟೆಯ ಪಕ್ಕ ಇಡು ಎಂದು ಅವಳಿಗೆ ಹೇಳಿದ್ದೇನೆ. ಉಣ್ಣುವಾಗ ಕೋಪ ಮಾಡಿಕೊಳ್ಳುವ ಅಭ್ಯಾಸ ನಿನಗೆ ಮೊದಲಿಂದಲೂ ಇಲ್ಲ.

ಅಪ್ಪ ಸಾಕಿದ ಎತ್ತನ್ನು ನನಗೊಂದು ಮಾತೂ ಹೇಳದೆ ನೀನು ಮಾರಿದೆ. ನಾನು ಫೋನಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ಅಂದಿನಿಂದ ನೀನು ದಿಂಡಿಗಲ್ಲಿನಲ್ಲಿ, ನಾನು ಉತ್ತಮಪಾಳಯದಲ್ಲಿ, ಮಾತಿಲ್ಲ ಕತೆಯಿಲ್ಲ. ಈಗ ನನ್ನ ಮಗಳು ಜನನಿಯ ಮದುವೆ ಗೊತ್ತಾಗಿದೆ. ಹುಡುಗಿಗೆ ಮೊದಲ ಹಾರ ಹಾಕಬೇಕಾದವನು ತಾಯಿಮಾಮ, ಸೋದರಮಾವ ನೀನು. ಬೇರೆ ಯಾರನ್ನಾದರೂ ನಿಲ್ಲಿಸೋಣ ಎಂದರು ನಿನ್ನ ಭಾವ. ಅವತ್ತು ಅವರಿಗೆ ಬರೀ ಮಜ್ಜಿಗೆ ಅನ್ನ ಹಾಕಿದೆ.

ಎಪ್ಪತ್ತೊಂಬತ್ತನೇ ಇಸವಿ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಆಗಿನ್ನೂ ನೀನು ಜಾರುವ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದೇ ಓಡುತ್ತಿದ್ದೆ. ಅಪ್ಪನಿಗೆ ರೇಡಿಯೋ ಹುಚ್ಚು. ಇರಾನಿನ ರಾಜ ದೇಶ ಬಿಟ್ಟದ್ದು, ಚೀನಾ ವಿಯೆಟ್ನಾಮಿನ ಮೇಲೆ ನುಗ್ಗಿದ್ದು, ಇಂಗ್ಲೆಂಡಿನಲ್ಲಿ ಹೆಂಗಸೊಬ್ಬಳು ಪ್ರಧಾನಿಯಾದದ್ದು, ಎಲ್ಲವನ್ನೂ ಬಾಳೆತೋಟದಲ್ಲಿ ಕೂತು ಕೇಳಿ ಬಂದು ಬೀದಿಗೆಲ್ಲ ಹಂಚುತ್ತಿದ್ದರು. ಗುರುಗ್ರಹದ ಹತ್ತಿರ ಹೋದ ಯಂತ್ರವೊಂದು ಫೋಟೋ ಕಳಿಸಿದೆ ಎಂದಾಗ ಅಮ್ಮ, “ನಮ್ ಮದ್ವೆ ಫೋಟೋನೇ ಇನ್ನೂ ಬಂದಿಲ್ಲ” ಎಂದಿದ್ದರು.

ಅಪ್ಪನ ವಾರ್ತೆ ಮುಟ್ಟದ ಮನೆ ಒಂದೇ, ಎದುರುಮನೆ. ಅಲ್ಲಿ ಅಪ್ಪನ ಸ್ವಂತ ಅಕ್ಕ, ನಮ್ಮ ಕಾಳಿಯಮ್ಮಾಳ್ ಅತ್ತೆ ಇದ್ದರು. ಕಾಲುವೆ ನೀರಿನ ಸರದಿಗೆ ಜಗಳವಾಡಿ ಇಬ್ಬರೂ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದರು.

ಜುಲೈ ತಿಂಗಳಲ್ಲಿ ಅಮೆರಿಕದ ಸ್ಕೈಲ್ಯಾಬ್ ಎಂಬ ಅಂತರಿಕ್ಷ ನಿಲ್ದಾಣ ಆಕಾಶದಿಂದ ಬೀಳುತ್ತದೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ ಎಂದಿತು ರೇಡಿಯೋ. ಯಾರಿಗೂ ಗೊತ್ತಿಲ್ಲ ಎಂದರೆ ನಮ್ಮ ಮೇಲೆಯೇ ಎಂದು ಬೀದಿ ತೀರ್ಮಾನಿಸಿತು. ಬೀಳುವ ದಿನ ಅಮ್ಮ ಮೊಟ್ಟೆಯಿಡುವ ಕೋಳಿಯನ್ನೂ ಬಿಡದೆ ಸಾರು ಮಾಡಿದರು. ಸಾಯುವ ಭಯವೆಲ್ಲ ನನಗೆ ಆ ಸಾರಿನಲ್ಲೇ ಹೋಯಿತು.

ಸಂಜೆ ಅತ್ತೆ ಹಾಲಿನ ಚೊಂಬು ಹಿಡಿದು ನಮ್ಮ ಬಾಗಿಲಿಗೆ ಬಂದರು. ಸಾಯುವವರ ಬಾಯಿಗೆ ಹಾಲು ಬಿಡಲು ಮಾತು ಬಿಟ್ಟವರೂ ಬರಬೇಕಲ್ಲ, ಅದು ನಮ್ಮವರ ಕಟ್ಟಳೆ.

“ತಂಬಿ, ಬಾಯಿ ತೆಗಿಡಾ” ಎಂದರು.

“ನೀ ದೊಡ್ಡೋಳು ಅಕ್ಕಾ. ನಿಂಗೇ ಮೊದ್ಲು ನಾ ಬಿಡ್ಬೇಕು” ಎಂದರು ಅಪ್ಪ.

“ನಾ ಯಾಕ್ಡಾ ಮೊದ್ಲು ಸಾಯ್ಲಿ?”

ಯಾರು ಮೊದಲು ಸಾಯಬೇಕು ಎಂಬುದಕ್ಕೆ ಬೀದಿಯೆಲ್ಲ ಸೇರುವಷ್ಟು ಜಗಳವಾಯಿತು. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಹಾಲು ಬಿಟ್ಟು, ತಿಣ್ಣೆಯ ಮೇಲೆ ಕೂತು ಆಕಾಶ ನೋಡುತ್ತ ಕಣ್ಣೀರು ಹಾಕಿದರು.

ಬೆಳಿಗ್ಗೆ ನೋಡಿದರೆ ಎಲ್ಲರೂ ಇದ್ದೆವು. ಅದು ಆಸ್ಟ್ರೇಲಿಯಾದ ಕಡೆ ಬಿದ್ದಿತ್ತಂತೆ. ಅಪ್ಪ, ಅತ್ತೆ ಎದುರೆದುರು ಬಾಗಿಲಲ್ಲಿ ನಿಂತು, ಮಾತಾಡಬೇಕೋ ಬೇಡವೋ ತಿಳಿಯದೆ ಹಲ್ಲುಜ್ಜಿದ್ದೇ ಉಜ್ಜಿದ್ದು. ಕಡೆಗೆ ಅತ್ತೆಯೇ, “ಹಾಲು ಕುಡ್ದಾಯ್ತು. ಇನ್ನೆಂಗ್ಡಾ ಮಾತ್ ಬಿಡದು?” ಎಂದರು. ಆಮೇಲೆ ಸಾಯುವವರೆಗೂ ದಿನಾ ಜಗಳವಾಡಿದರು. ಮಾತು ಮಾತ್ರ ಬಿಡಲಿಲ್ಲ.

ಆ ಕಾಲದವರ ಪುಣ್ಯ ದೊಡ್ಡದು, ಒಂದು ಸುಳ್ಳು ಸಾವಾದರೂ ಬಂದು ಅವರನ್ನು ಕೂಡಿಸಿತು. ನಿನಗೂ ನನಗೂ ಮುಂದೆ ಬರುವುದು ನಿಜವಾದದ್ದೇ. ಅದಕ್ಕೆ ಕಾಯುವ ಧೈರ್ಯ ನನಗಿಲ್ಲ ತಂಬಿ. ನೀನಿಲ್ಲದೆ ಈ ಮದುವೆಯ ಸೀರೆಗಳನ್ನು ಆರಿಸಲೂ ನನಗೆ ಮನಸ್ಸು ಬರುತ್ತಿಲ್ಲ.

ಶುಕ್ರವಾರ ಮೊದಲ ಬಸ್ಸಿಗೆ ಹೊರಟು ನಿನ್ನ ಮನೆಗೆ ಬರುತ್ತೇನೆ. ಎತ್ತಿನ ವಿಷಯಕ್ಕೆ ನನ್ನ ಕೋಪ ಇನ್ನೂ ಇಳಿದಿಲ್ಲ, ನಿನ್ನದೂ ಇಳಿದಿರಲಾರದು. ಬೈಯುವುದಿದ್ದರೆ ಬೈದುಬಿಡು, ನಾನೂ ಬೈಯುತ್ತೇನೆ, ಸಂಜೆಯವರೆಗೆ ಬೇಕಾದಷ್ಟು ಹೊತ್ತಿದೆ. ಸುಮ್ಮನೆ ಮಾತ್ರ ಇರಬೇಡ.

ಪಳನಿಯಾಂಡವ ಸ್ವಾಮಿ ನಿನ್ನ ಮನೆಮಂದಿಯನ್ನೆಲ್ಲ ತಂಪಾಗಿಟ್ಟಿರಲಿ.

ಬಸ್ಸಿಗೆ ಸೀರೆ ಮಡಚಿಟ್ಟು ಕೂತಿರುವ ನಿನ್ನ ಅಕ್ಕ,
ತಮಿಳರಸಿ