ಹಿಂದಿನ ಸೀಟಿನ ರೈಟ್

ಮಾವ,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಿಮ್ಮ ಹಳೇ ಸ್ಕೂಟರಿನಲ್ಲಿ ಗುಬ್ಬಿಯಿಂದ ತುಮಕೂರಿಗೆ ಹೋಗುತ್ತಿದ್ದೇನೆ, ಸೈಡ್ ಸ್ಟ್ಯಾಂಡ್ ಎತ್ತಿಲ್ಲ. ನಮ್ಮ ಕಡೆ ಹಾಗೆ ಹೋದರೆ ಯಾರು ಸುಮ್ಮನಿರುತ್ತಾರೆ ಹೇಳಿ? ಎದುರಿಗೆ ಬರುವ ಆಟೋದವರು, ಟೀ ಅಂಗಡಿ ಮುಂದೆ ನಿಂತವರು, ಗುರುತು ಪರಿಚಯ ಇಲ್ಲದವರೂ 'ಸ್ಟ್ಯಾಂಡ್, ಸ್ಟ್ಯಾಂಡ್' ಅಂತ ಕೈ ತೋರಿಸುತ್ತಾರೆ. ಕನಸಿನಲ್ಲಿ ಎಲ್ಲರೂ ನೋಡುತ್ತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ನೀವು ಹಿಂದಿನ ಸೀಟಿನಲ್ಲೇ ಕೂತಿದ್ದಿರಿ. ನೀವೂ ಸುಮ್ಮನಿದ್ದಿರಿ. ಎಡಕ್ಕೆ ತಿರುವು ಬಂತು, ವಾಲಿಸಿದೆ, ಅಷ್ಟರಲ್ಲಿ... ಎಚ್ಚರವಾಯಿತು. ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತಾರಲ್ಲ ಮಾವ. ನಾಳೆ ನನಗೆ ಡ್ರೈವಿಂಗ್ ಟೆಸ್ಟು. ಎರಡನೇ ಸಲದ್ದು.

ಸಂತೆ ಮೈದಾನದಲ್ಲಿ ನೀವು ಕಲಿಸಲು ಶುರು ಮಾಡಿದ ಬೆಳಿಗ್ಗೆ ನೆನಪಾಗುತ್ತಿದೆ. ಯಡಿಯೂರು ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿಯೇ ಮುದುಕರಾದವರು, ಸೊಸೆ ಹಿಂದೆ ಕೂತರೂ ಕಂಡಕ್ಟರೇ. ಸೀಟಿಗೆ ಎರಡು ತಟ್ಟಿದರೆ 'ರೈಟ್', ಹೊರಡು; ಒಂದು ತಟ್ಟಿದರೆ 'ಹೋಲ್ಡಾನ್', ನಿಲ್ಲಿಸು. ಅತ್ತೆ ಬಾಗಿಲಲ್ಲಿ ನಿಂತು, "ಅವ್ಳೂ ಬೀಳ್ತಾಳೆ, ನೀವೂ ಬೀಳ್ತೀರ. ಈ ವಯಸ್ಸಲ್ಲಿ ಮೂಳೆ ಕೂಡಲ್ಲ," ಅಂದಿದ್ದರು. "ಬಿದ್ರೆ ನಿನ್ನ ಕರೆಯಲ್ಲ ಬುಡು," ಅಂದಿರಿ ನೀವು. ನೇರ ಓಡಿಸುವುದು ಬಂತು. ಟೆಸ್ಟಿಗೆ ಬೇಕಾದ, ಗೆರೆಯೊಳಗೆ ಕಾಲು ಊರದೆ ಎಂಟು ಹಾಕುವುದನ್ನು ಕಲಿಸುವ ಮುಂಚೆಯೇ ಹೊರಟುಹೋದಿರಿ.

ಒಂಬತ್ತನೇ ಕ್ಲಾಸಿಗೆ ನನ್ನ ಓದು ನಿಂತಾಗ ಕೈಗೆ ಬಂದದ್ದು ಹೊಲಿಗೆ ಒಂದೇ, ನಿಮಗೆ ಗೊತ್ತಲ್ಲ. ಈಗ ತುಮಕೂರಿನ ಒಂದು ಬ್ಲೌಸ್ ಅಂಗಡಿಯವರು, ನೀವೇ ಬಂದು ಬಟ್ಟೆ ತಗೊಂಡು ಹೋಗಿ ಹೊಲಿದು ತಂದುಕೊಟ್ಟರೆ ವರ್ಷಪೂರ್ತಿ ಕೆಲಸ ಕೊಡ್ತೀವಿ ಅಂದಿದ್ದಾರೆ. ಬಸ್ಸು ಕಾಯುತ್ತಾ ಕೂತರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಲೈಸೆನ್ಸ್ ಇಲ್ಲದೆ, ಪೊಲೀಸರು ನಿಲ್ಲುವ ಗುಬ್ಬಿ ಗೇಟ್ ದಾಟುವ ಧೈರ್ಯ ನನಗಿಲ್ಲ. ಈ ವಾರದೊಳಗೆ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡ್ಕೋತೀವಿ ಅಂತ ನಿನ್ನೆ ಫೋನ್ ಬಂತು. ನಾಳೆಯೂ ಫೇಲಾದರೆ?

ಮೊದಲನೇ ಟೆಸ್ಟಿನ ಹಿಂದಿನ ದಿನ ಸ್ಕೂಟರಿನ ಡಿಕ್ಕಿಯಲ್ಲಿ ಗುಟ್ಕಾ ಪ್ಯಾಕೆಟ್ ಸಿಕ್ಕಿತು. ನಿಮ್ಮ ತಿಥಿ ಕಾರ್ಯದ ದಿನ ಎಲ್ಲರ ಮುಂದೆ, ಇನ್ನು ಮುಟ್ಟಲ್ಲ ಅಂದವರು ನಿಮ್ಮ ಮಗ. ನಾನು ಕೂಗಾಡಿದೆ, ಆಮೇಲೆ ಮಾತು ಬಿಟ್ಟೆ. ಅವರೂ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಮಾರನೇ ದಿನ ಎಂಟಿನ ಎರಡನೇ ತಿರುವಿನಲ್ಲಿ ನನ್ನ ಕಣ್ಣಿಗೆ ಗೆರೆ ಕಾಣಲಿಲ್ಲ, ಆ ಪ್ಯಾಕೆಟ್ ಕಾಣುತ್ತಿತ್ತು. "ಕಾಲು ಊರ್ಬಿಟ್ರಲ್ಲಮ್ಮ, ಇನ್ನೊಂದ್ಸಲ ಬನ್ನಿ," ಅಂದರು ಬ್ರೇಕ್ ಇನ್‌ಸ್ಪೆಕ್ಟರು.

ಆವತ್ತಿನಿಂದ ಗಮನಿಸುತ್ತಿದ್ದೇನೆ. ಇವರು ಜೊತೆಯಲ್ಲಿ ಕೂತು ಕಾಫಿ ಕುಡಿದು, 'ಹುಷಾರು ಕಣೇ' ಅಂದು ಹಿರೇಹಳ್ಳಿ ಫ್ಯಾಕ್ಟರಿಗೆ ಹೋದ ದಿನ ಎಂಟು ನೀರು ಕುಡಿದಂತೆ ಬರುತ್ತದೆ. ಬ್ಲೌಸಿನ ತೋಳು ಸಹ ಒಂದೇ ಸಲಕ್ಕೆ ಕೂರುತ್ತದೆ. ಮುಖ ತಿರುಗಿಸಿಕೊಂಡು ಹೋದ ದಿನ ಎಡದ ತೋಳನ್ನು ಬಲಕ್ಕೆ ಸೇರಿಸಿ, ಹೊಲಿಗೆ ಬಿಚ್ಚುತ್ತಾ ಕೂರುತ್ತೇನೆ. ಕೈ ನನ್ನದು, ಕಾಲು ನನ್ನದು, ಆಸೆ ನನ್ನದು. ಇದಕ್ಕೂ ಅವರ ಮುಖಕ್ಕೂ ಏನು ಸಂಬಂಧ ಮಾವ? ಹೀಗೇ ಆದರೆ ನಾನು ಅಂತ ಒಬ್ಬಳು ಎಲ್ಲಿದ್ದೇನೆ?

ಒಮ್ಮೆ ನೀವು ಹೇಳಿದ್ದಿರಿ, ಅತ್ತೆ ಟಿಫನ್ ಕ್ಯಾರಿಯರ್ ಕುಕ್ಕಿ ಇಟ್ಟ ದಿನ ಯಡಿಯೂರಿಗೆ ಹೊರಟವರನ್ನೆಲ್ಲ ಕುಣಿಗಲ್ಲಲ್ಲೇ ಇಳಿಸಿಬಿಟ್ಟಿದ್ದೆ ಅಂತ. ಆಗ ತಮಾಷೆ ಅಂತ ನಕ್ಕಿದ್ದೆ. ನಿಜವಾಗಿತ್ತಾ ಅದು?

ಮೊನ್ನೆ ಭಾನುವಾರ ತಡೆಯಲಾರದೆ ಕೇಳಿದೆ. "ಯಾಕ್ರೀ ಮತ್ತೆ ಶುರು ಮಾಡಿದ್ರಿ?"

"ನೀನ್ ಮಾತಾಡ್ಕೊಂಡಿದ್ದ ದಿನ ಅದರ ನೆನಪೇ ಬರಲ್ಲ. ನೀನ್ ಮಾತು ಬಿಟ್ರೆ ಬಾಯಿ ಸುಮ್ನಿರಲ್ಲ ಕಣೇ."

"ಓಹೋ, ನಿಮ್ಮ ಗುಟ್ಕಾಕ್ಕೂ ನಾನೇ ಕಾರಣನಾ?"

"ನಿನ್ನ ಕಾಲು ಊರಿದ್ದಕ್ಕೆ ನಾನ್ ಕಾರಣ ಅಂತ ಬೀದಿಗೆಲ್ಲ ಹೇಳ್ಕೊಂಡ್ ಬಂದೆಯಲ್ಲ, ಅದು?"

ಇಷ್ಟು ದಿನ ನನ್ನ ಕಡೆಯ ಲೆಕ್ಕ ಮಾತ್ರ ನೋಡಿದ್ದೆ. ಅವರಿಗೂ ಒಂದು ಎಂಟು ಇದೆ, ಅವರೂ ಮಧ್ಯದಲ್ಲಿ ಕಾಲು ಊರುತ್ತಿದ್ದಾರೆ ಅಂತ ಹೊಳೆದಿರಲಿಲ್ಲ. ಹೊಳೆದ ಮೇಲೆ ಸಮಾಧಾನವಾಯಿತಾ? ಇಲ್ಲ. ಈಗ ಇಬ್ಬರ ಚಿಂತೆ.

ಇವತ್ತು ಸಂಜೆ ನಡೆದದ್ದನ್ನು ನಿಮಗೆ ಹೇಳಲೇಬೇಕು. ಹೆಂಡ್ತಿ ಹಿಂದೆ ಕೂತರೆ ಜನ ಏನಂತಾರೆ ಅನ್ನುತ್ತಿದ್ದ ನಿಮ್ಮ ಮಗ, ಸಂತೆ ಮೈದಾನದಲ್ಲಿ ತಾವಾಗಿಯೇ ಬಂದು ಹಿಂದೆ ಕೂತರು. ಟೀ ಅಂಗಡಿಯವನು ಬಿಡುತ್ತಾನಾ? "ಏನ್ಲಾ ಲೋಕೇಶ, ಪ್ರಮೋಷನ್ನಾ?"

"ಹೂಂ ಕಣಪ್ಪ, ಕಂಡಕ್ಟರ್ ಆಗಿದೀನಿ," ಅಂದರು ಇವರು. ಅಂದು, ಸೀಟಿಗೆ ಎರಡು ತಟ್ಟಿದರು. "ರೈಟ್."

ಅದನ್ನು ಅವರಿಗೆ ಯಾರು ಹೇಳಿಕೊಟ್ಟರು ಮಾವ? ನಾನಂತೂ ಹೇಳಿರಲಿಲ್ಲ. ನೀವು ಕಲಿಸುವಾಗ ಎಲ್ಲೋ ಮರೆಯಲ್ಲಿ ನಿಂತು ನೋಡುತ್ತಿದ್ದರಾ? ಎಲ್ಲೂ ಕಾಲು ಊರಲಿಲ್ಲ. ಎಂಟು ಪೂರ್ತಿಯಾಯಿತು.

ಮನೆಗೆ ಬರುವಷ್ಟರಲ್ಲಿ ಮತ್ತೆ ನಾಳೆಯದೇ ಯೋಚನೆ. ನಾಳೆ ಟೆಸ್ಟಿನ ಜಾಗದವರೆಗೆ ಸ್ಕೂಟರನ್ನು ಇವರೇ ಓಡಿಸಿಕೊಂಡು ಬರುತ್ತಾರೆ. ಆದರೆ ಗೆರೆಯ ಒಳಗೆ ನಾನೊಬ್ಬಳೇ. ಬೆಳಿಗ್ಗೆ ಕಾಫಿಗೆ ಸಕ್ಕರೆ ಹೆಚ್ಚಾಯಿತು ಅಂತ ಒಂದು ಮಾತು ಬಂದು, ಅದಕ್ಕೆ ನಾನೊಂದು ಅಂದು... ಆದ್ದರಿಂದ ಈಗಲೇ ಮಾತು ತಗೊಂಡೆ. ಜಗಳ ಆಡಿದ್ದರೂ ಸರಿ, ನಾನು ಹೊರಡುವ ಮುಂಚೆ ಸೀಟಿಗೆ ಎರಡು ತಟ್ಟಬೇಕು. "ಜಗಳ ಆಡ್ಕೊಂಡೇ ರೈಟ್ ಅಂತೀನಿ ಬುಡು," ಅಂದರು. ನಾನೂ ಒಂದು ಮಾತು ಕೊಟ್ಟೆ. ಬೈದರೂ ಬೈತೀನಿ, ಮಾತು ಮಾತ್ರ ಬಿಡಲ್ಲ ಅಂತ. ಡಿಕ್ಕಿ ಈಗ ಖಾಲಿ ಇದೆ. ನಾಳೆಯೂ ಖಾಲಿ ಇರುತ್ತಾ ಅಂತ ಕೇಳಬೇಡಿ, ಗೊತ್ತಿಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ರೈಟ್ ಅನ್ನುವಾಗ ನಿಮ್ಮ ಮಗ ನನ್ನ ಮುಖವನ್ನೇ ನೋಡುತ್ತಿರುತ್ತಾರೆ, ಕೆಳಗೆ ನೋಡುವುದಿಲ್ಲ. ನೀವು ಮಾತ್ರ ಕನಸಿನಲ್ಲಿ ಇದ್ದ ಹಾಗೆ ಸುಮ್ಮನಿರಬೇಡಿ ಮಾವ. ಇನ್ನೊಂದು ಸಲ ಬಗ್ಗಿ ನೋಡಿ, ಸ್ಟ್ಯಾಂಡ್ ಎತ್ತಿದ್ದೇನಾ?