ಸ್ಲೇಟಿನ ಮೇಲಿನ ಅಳತೆ

ವರ್ಕ್‌ಶಾಪಿನಿಂದ,
ನವೆಂಬರ್ ೯, ಬೆಳಿಗ್ಗೆ

ನನ್ನ ಮುದ್ದು ಮಗನಿಗೆ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯೋ ಇಲ್ಲವೋ? ನಿನ್ನ ಕಾಗದ ಬಂತು. ಕಣ್ಣು ಪರೀಕ್ಷೆ ಮಾಡಿಸಿದೆಯಂತೆ, ಡಾಕ್ಟರು ದೋಷವೇನೂ ಇಲ್ಲ ಅಂದರಂತೆ. ಸಂತೋಷ. ಕಣ್ಣು ನೆಟ್ಟಗಿದ್ದೂ ಸ್ಲೇಟಿನಲ್ಲಿ ಬರೆದದ್ದು ಕಾಣಲಿಲ್ಲವೆಂದರೆ ಗಮನ ಎಲ್ಲಿತ್ತೆಂದು ನಾನು ಕೇಳುವುದಿಲ್ಲ. ಮದುವೆಯಾಗಿ ಎರಡೇ ತಿಂಗಳಾಗಿತ್ತು, ಎಲ್ಲಿತ್ತೆಂದು ಬೀದಿಗೆಲ್ಲ ಗೊತ್ತು.

ನಮ್ಮ ಪದ್ಧತಿ ನಿನಗೆ ಹೊಸದಲ್ಲ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಮೈಕ್ರೋಮೀಟರಿನಲ್ಲಿ ಅಳೆದು ಸ್ಲೇಟಿನಲ್ಲಿ ಬರೆಯುವವಳು ನಾನು, ಅದನ್ನು ನೋಡಿ ಬೇರಿಂಗ್ ಆರಿಸಿ ಎಂಜಿನ್ ಕೂಡಿಸುವವನು ನೀನು. ಎಂಜಿನ್ ಹದಿನೈದು ದಿನ ಓಡುವ ತನಕ ಸ್ಲೇಟ್ ಒರೆಸುವುದಿಲ್ಲ. ನಿಮ್ಮಪ್ಪ ಇದ್ದಾಗಿನಿಂದಲೂ ನನ್ನ ಅಳತೆಯನ್ನು ಯಾರೂ ಎರಡನೆಯ ಸಲ ಅಳೆದಿಲ್ಲ. ಬೀಗರ ಬಸ್ಸಿನ ಕ್ರ್ಯಾಂಕ್ ಹಿಂದೊಮ್ಮೆ ಅರ್ಧ ಮಿಲಿಮೀಟರ್ ಉಜ್ಜಿಸಿಕೊಂಡು ಸಣ್ಣಗಾಗಿತ್ತು. ಅದಕ್ಕೆ ದಪ್ಪನೆಯ ಬೇರಿಂಗೇ ಆಗಬೇಕು. ನೀನು ಹೊಸ ಕ್ರ್ಯಾಂಕಿಗೆ ಹಾಕುವ ತೆಳುವಾದದ್ದನ್ನು ಹಾಕಿದೆ. "ಅಮ್ಮಾ, ರಾಡ್ ಅಲ್ಲಾಡ್ತಿದೆ" ಅಂತ ನೀನು ಅಂದದ್ದೂ ನೆನಪಿದೆ, "ಸ್ಲೇಟ್ ನೋಡ್ಕೊಂಡು ಹಾಕು, ತಲೆ ತಿನ್ಬೇಡ" ಅಂತ ನಾನು ಅಂದದ್ದೂ ನೆನಪಿದೆ. ಹನ್ನೊಂದನೆಯ ದಿನ ಕ್ರ್ಯಾಂಕಿಗೆ ಕೂಡಿಸಿದ್ದ ಆ ರಾಡ್ ಮುರಿದು, ಎಂಜಿನ್ ಒಡೆದುಕೊಂಡು ಬಂದು, ಪಕ್ಕದಲ್ಲೇ ಕೂತು ಬಸ್ ಓಡಿಸುತ್ತಿದ್ದ ಬೀಗರ ಮಂಡಿಗೆ ಬಡಿಯಿತು. ಆ ಸಂಜೆ ಎಲ್ಲರೆದುರು ಸ್ಲೇಟ್ ತೋರಿಸಿದೆ. ಅರ್ಧ ಮಿಲಿ ಕಮ್ಮಿ ಎಂದು ಚೊಕ್ಕವಾಗಿ ಬರೆದಿತ್ತು. ನೀನು ಮರುದಿನವೇ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ.

ಬೀಗರು ಈಗ ಒಂಟಿ ಕಾಲಿನಲ್ಲಿ, ಊರುಗೋಲು ಹಿಡಿದು ಬಚ್ಚಲಿನ ತನಕ ಹೋಗುತ್ತಾರೆ. ನಿನ್ನ ಹೆಸರೆತ್ತಿದರೆ ಉಗುಳುತ್ತಾರೆ. ಸೊಸೆ ತವರಿನಲ್ಲೇ ಇದ್ದಾಳೆ. ಮೊನ್ನೆ ಬಂದು ನಿನ್ನ ಬಟ್ಟೆಗಳನ್ನು ಹೊಸ್ತಿಲ ಮೇಲಿಟ್ಟಳು. ಒಗೆದು ಮಡಿಸಿ ತಂದಿದ್ದಳು, ಹುಡುಗಿ ಅಚ್ಚುಕಟ್ಟು. "ನಿಜವಾಗ್ಲೂ ಅವರದ್ದೇ ತಪ್ಪಾ, ಅತ್ತೆ?" ಅಂತ ಕೇಳಿದಳು. ಹೌದಮ್ಮಾ ಅಂದೆ. ಅಳುತ್ತಾ ಹೋದಳು, ಪಾಪ. ಊರಿಗೆ ಬರಲೇ ಎಂದು ಕೇಳಿದ್ದೀಯ. ಬೇಡ ಕಂದಾ. ಮೂಟೆ ಹೊತ್ತು ಬೆನ್ನು ನೋಯುತ್ತದೆಂದು ಬರೆದಿದ್ದೀಯ. ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ಮೈ ಗಟ್ಟಿಯಾಗಿರಲಿ, ಕಾಲಿಗೆ ಒಂದು ಮುಳ್ಳೂ ಚುಚ್ಚದಿರಲಿ.

ಇತಿ,
ನಿನ್ನ ಅಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಕಣ್ಣಿಗೆಂದು ಇನ್ನೊಬ್ಬ ಡಾಕ್ಟರ ಹತ್ತಿರ ಅಲೆಯಬೇಡ, ನೀನು ಸ್ಲೇಟನ್ನು ಸರಿಯಾಗಿಯೇ ಓದಿದ್ದೆ. ಪೊರೆ ಬಂದಿರುವುದು ನನ್ನ ಕಣ್ಣಿಗೆ. ಮೈಕ್ರೋಮೀಟರಿನ ಅರ್ಧ ಮಿಲಿಯ ಗೆರೆ ದಾಟಿದೆಯೋ ಇಲ್ಲವೋ ನನಗೆ ಕಾಣುವುದಿಲ್ಲ. ನೀನು ಆಸ್ಪತ್ರೆಯಲ್ಲಿ ಮಾವನ ಕೈ ಹಿಡಿದು ಕೂತಿದ್ದಾಗ ಸ್ಲೇಟಿನಲ್ಲಿದ್ದ ಹೊಸ ಕ್ರ್ಯಾಂಕಿನ ಅಳತೆ ಒರೆಸಿ ಅರ್ಧ ಮಿಲಿ ಕಮ್ಮಿ ಎಂದು ಬರೆದೆ. ಕುರುಡಿಯ ಅಳತೆ ನಂಬಿ ಯಾರು ಬರುತ್ತಾರೆ? ನೀನು ಚಿಕ್ಕವನು, ಎಲ್ಲಾದರೂ ಬದುಕುತ್ತೀ. ನನಗೆ ಇದು ಬಿಟ್ಟರೆ ಏನೂ ಬರುವುದಿಲ್ಲ. ಈ ಕಾಗದ ಸುಟ್ಟುಬಿಡು. ಸುಡುತ್ತೀ, ನನ್ನ ಮಗ ನನಗೆ ಗೊತ್ತಿಲ್ಲವೇ? ನಿನ್ನೆ ಶಾಲೆಯ ಬಸ್ಸಿನ ಕ್ರ್ಯಾಂಕ್ ಬಂದಿದೆ. ಅಳತೆ ನಾನೇ ತೆಗೆದೆ.