ಬಿಳಿ ಪಟ್ಟೆಯ ಮರಗಳು

ಫೆಬ್ರವರಿ 14, 1994

ಏಳಕ್ಕೇ ಕಡಿಯುವ ಮರಗಳ ಮಾರ್ಕಿಂಗ್ ಶುರು. ಸಿಂಧಘಟ್ಟದಾಚೆಯ ಕಲ್ಲುಗುಡ್ಡದ ಕಾಡು. ದಿಂಡಿಗ, ಕಮರದ ಮರಗಳು — ಅರ್ಧಕ್ಕರ್ಧ ಸೊಟ್ಟ. ಸೊಟ್ಟವನ್ನು ತೆಗೆದರೆ ನೆಟ್ಟಗಿರುವವು ದಪ್ಪವಾದಾವು. ಮುಂದೆಂದೋ ತೊಲೆ-ಹಲಗೆಗೆ ಒಳ್ಳೆ ನಾಟಾ.

ವಾಚರ್ ಮುದ್ದಯ್ಯ ಪೊಟರೆ ಮರಗಳ ಮುಂದೆಲ್ಲ ನಿಲ್ಲಿಸಿದ. “ಇವ್ನ ಬುಟ್ಬುಡಿ ಸಾ. ನಾಟಾಕ್ಕೆ ಬರಾಕಿಲ್ಲ, ಆದ್ರೆ ಗೂಬೆ, ಪುನುಗು ಎಲ್ಲಾ ಇದ್ರಲ್ಲೇ ಸಂಸಾರ ಮಾಡೋದು.”

ಸರಿ ಅನ್ನಿಸಿತು. ಕಡಿಯಬಾರದೆಂದು ನಲವತ್ತೆರಡು ಮರಕ್ಕೆ ಬಿಳಿ ಪಟ್ಟೆ ಬಳಿಸಿದೆ.

ಏಪ್ರಿಲ್ 3

ಪಟ್ಟೆ ಬಳಿದವುಗಳಲ್ಲಿ ಒಂದು, ದಾರಿ ಪಕ್ಕದ ಒಣಗಿದ ಕಮರ. ಮುದ್ದಯ್ಯ ಇವತ್ತು ಬೇರೆಯೇ ಹೇಳಿದ: “ಇದೊಂದ್ನ ಬುಡೋದ್ ಬ್ಯಾಡಿ ಸಾ, ಕಡಿಸ್ಬುಡಿ. ಬುಡ ಗೆದ್ಲು ತಿಂದದೆ. ಸೌದೆಗೆ ಎಂಗುಸ್ರು ಓಡಾಡೋ ದಾರಿ.”

ನಿಜ. ಆದರೆ ಒಳಗೆ ಮಂಗಟ್ಟೆ ಹಕ್ಕಿ ಕಾವಿಗೆ ಕೂತಿದೆ. ಮರಿ ಹಾರಿದ ಮೇಲೆ ಕಡಿಸಲು ಅನುಮತಿ ಕೇಳಿ ರೇಂಜರ್‌ಗೆ ಬರೆದೆ.

ಮೇ 28

ಮರಿಗಳು ಹಾರಿದವು. ಅನುಮತಿಯೂ ಬಂತು. ನರ್ಸರಿಯಲ್ಲಿ ಸಸಿ ಹಂಚುವ ಗಡಿಬಿಡಿ... ಮುಂದಿನ ವಾರ ನೋಡೋಣ.

ಜೂನ್ 21

ನಿನ್ನೆ ಸಂಜೆಯ ಗಾಳಿಗೆ ಕಮರ ಬಿತ್ತು. ಕೆಳಗೆ ಸೌದೆ ಹೊರೆ ಕಟ್ಟುತ್ತಿದ್ದವಳು ಮಂಗಳಮ್ಮ — ಮುದ್ದಯ್ಯನ ಹೆಂಡತಿ. ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮುದ್ದಯ್ಯ ನನಗೂ ಒಂದು ಲೋಟ ಟೀ ತಂದುಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 24

ಹಳೆ ರೇಂಜರ್‌ಗೆ ವರ್ಗವಾಗಿದೆ. ಹೊಸಬರು ರಿಪೋರ್ಟ್ ಕೇಳಿದರು. ಬರೆದೆ: ‘ಪೊಟರೆ ಮರಗಳು ಅಪಾಯಕಾರಿ. ಇದು ಗಾಳಿಗೆ ಆಕಸ್ಮಿಕವಾಗಿ ಬಿದ್ದಿದೆ. ಸಹಿ, ತಿಮ್ಮರಾಜು, ಫಾರೆಸ್ಟರ್.’ ನಾಲ್ಕು ವಾರದಿಂದ ಮೇಜಿನಲ್ಲಿದ್ದ ಅನುಮತಿ ಪತ್ರದ ಮಾತೆತ್ತಲಿಲ್ಲ. ಕೆಲಸ ಹೋದೀತೆಂಬ ಭಯ.

ಆಗಸ್ಟ್ 30

ಹೊಸ ರೇಂಜರ್ ಆದೇಶ ಬಂತು. ಬಿಳಿ ಪಟ್ಟೆಯ ಮರಗಳನ್ನೆಲ್ಲ ಕಡಿಸಬೇಕಂತೆ. ಕಾರಣ — ನನ್ನ ರಿಪೋರ್ಟ್. ನನ್ನದೇ ಸಾಲು, ಅಕ್ಷರ ಬಿಡದೆ.

ಸೆಪ್ಟೆಂಬರ್ 8

ಎರಡು ದಿನಕ್ಕೆ ಇಪ್ಪತ್ತೆರಡು ಉರುಳಿದವು. ದಾರಿಯಿಂದ ಎಷ್ಟೋ ದೂರದವು. ಗಟ್ಟಿ ಬುಡದವು. ಒಂದರೊಳಗಿಂದ ಗೂಬೆ ಹಗಲಲ್ಲೇ ಎದ್ದು ಹೋಯಿತು, ಕಣ್ಣು ಕಾಣದೆ ಕೊಂಬೆಗೆ ಬಡಿದುಕೊಂಡು.

“ಇವೇನ್ ಮಾಡಿದ್ವು ಸಾ?” ಅಂದ ಮುದ್ದಯ್ಯ.

ತಡೆಯಲಾಗಲಿಲ್ಲ. ಪತ್ರದ ವಿಷಯ, ರಿಪೋರ್ಟಿನ ವಿಷಯ ಎಲ್ಲ ಹೇಳಿಬಿಟ್ಟೆ. ಆತ ಮುಖ ಆಚೆ ತಿರುಗಿಸಿದ.

“ಅವ್ಳಿಗೆ ನೀವೇ ಯೋಳಿ. ನಾ ಯೋಳಕಿಲ್ಲ.”

ಸೆಪ್ಟೆಂಬರ್ 9, ಬೆಳಿಗ್ಗೆ 8

ಅವರ ಮನೆಗೆ ಹೋಗಿದ್ದೆ. ಮಂಗಳಮ್ಮ ಜಗಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಮೊರ ಕೆಳಗಿಟ್ಟಳು.

“ಮೂರ್ ತಿಂಗ್ಳು ಗಾಳೀನ ಬೈಕೊಂಡೆ ಕಣ್ ಸಾ,” ಅಂದಳು. “ಆ ಮರ ನನ್ ಕಾಲ್ ತಿಂತು. ಮಿಕ್ಕಿದ್ವು ಯಾರ್ಗೇನ್ ಮಾಡಿದ್ವು? ಇನ್ನೆಷ್ಟ್ ನಿಂತವೆ?”

“ಹತ್ತೊಂಬತ್ತು.”

“ಮತ್ತೆ ಇಲ್ಲ್ಯಾಕ್ ನಿಂತಿದೀರಿ?”

ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಮುಖವೂ ಇರಲಿಲ್ಲ.

ರೇಂಜ್ ಆಫೀಸಿಗೆ ಹೋಗಲು ಕೆ.ಆರ್. ಪೇಟೆ ಬಸ್ಸಿಗೆ ಕಾಯುತ್ತಿದ್ದೇನೆ. ಅನುಮತಿ ಪತ್ರ ಜೇಬಿನಲ್ಲಿದೆ; ತೋರಿಸಿ ಕಡಿಯುವುದನ್ನು ನಿಲ್ಲಿಸಬೇಕು. ಗುಡ್ಡದ ಕಡೆಯಿಂದ ಆಗಲೇ ಕೊಡಲಿ ಸದ್ದು. ರೇಂಜರ್ ಕೇಳುತ್ತಾರೆ — ಇಷ್ಟು ದಿನ ಯಾಕೆ ಸುಮ್ಮನಿದ್ದೆ? ಅದಕ್ಕೆ ನಾನು — ಬಸ್ ಬಂತು.